ಅಭಿಪ್ರಾಯ ಸಂಗ್ರಹ

(ಕಾರವಾರ. ಟ್ಯಾಗೋರ್ ಕಡಲತೀರದ ಹೊಸ ನಕ್ಷೆಗೆ ಜನರ ಒಪ್ಪಿಗೆ ಪಡೆಯುವ ಸಭೆ. ಎ.ಸಿ. ಹಾಲ್. ಕಿಟಕಿಗೆಲ್ಲ ಪರದೆ, ಸಮುದ್ರ ಕಂಡರೆ ಚರ್ಚೆ ಹಾದಿ ತಪ್ಪುತ್ತದಂತೆ.)

ಸಾಹೇಬರು: ಹೇಳಮ್ಮ, ನಿಮ್ಮ ಮಾತೇ ಮುಖ್ಯ.

ಮೀನುಗಾರ್ತಿ: ರಂಪಣಿ ಬಲೆ ಎಳೆಯೋ ಜಾಗ ಎಲ್ಲಿ, ಸಾಹೇಬ್ರೆ?

ಸಾಹೇಬರು: ಅಲ್ಲಿ ಸೆಲ್ಫಿ ಪಾಯಿಂಟ್. ಬಲೆ ಎಳೆಯುವವರ ಪ್ರತಿಮೆಯನ್ನೇ ನಿಲ್ಲಿಸ್ತೇವೆ!

ಮೀನುಗಾರ್ತಿ: ಬಂಗಡೆ ಒಣಗಿಸೋದು?

ಸಾಹೇಬರು: ವಾಸನೆ ಬಗ್ಗೆ ಪ್ರವಾಸಿಗರದ್ದೂ ಅಭಿಪ್ರಾಯ ಇದೆ. ಅವರೂ ಜನರೇ ಅಲ್ವೇ?

ಮೀನುಗಾರ್ತಿ: ಮಳೆಗಾಲಕ್ಕೆ ದೋಣಿ ಎಳೆದಿಡೋದು?

ಸಾಹೇಬರು: ಐಎನ್‌ಎಸ್ ಚಾಪೆಲ್ ನೋಡಿ. ಯುದ್ಧನೌಕೆ, 2006ರಿಂದ ದಡದಲ್ಲೇ ಮ್ಯೂಸಿಯಂ ಆಗಿ ನಿಂತಿದೆ. ಒಂದು ದಿನ ದೂರು ಹೇಳಿದ್ದುಂಟಾ?

ಮೀನುಗಾರ್ತಿ: ಜೂನ್‌ನಲ್ಲಿ ತೆರೆ ನಕ್ಷೆಯ ಈ ಬೆಂಚುಗಳ ಮೇಲೇ ಬರ್ತದೆ.

ಸಾಹೇಬರು: (ಗುಮಾಸ್ತನಿಗೆ) ಬರ್ಕೊಳ್ಳಿ: ‘ಸಮುದ್ರದ ಸಕ್ರಿಯ ಸಹಭಾಗಿತ್ವ’.

ಮೀನುಗಾರ್ತಿ: ನಾವು ಬೇಡ ಅಂದ್ರೆ?

ಸಾಹೇಬರು: ಖಂಡಿತ ಹೇಳಿ. ಟೆಂಡರ್ ಹೋದ ತಿಂಗಳೇ ಆಗಿದೆ. ಇಲ್ಲಿ ಸಹಿ ಹಾಕಿ, ಚಹಾ ಕುಡಿದು ಹೋಗಿ.