ಹಿತ್ತಲ ನೀರಾವರಿ ಇಲಾಖೆ

ನಿವೃತ್ತ ಇಂಜಿನಿಯರುಗಳಲ್ಲಿ ಹಲವು ತಳಿಗಳಿವೆ. ಬೆಳಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಸರ್ಕಾರ ನಡೆಸುವವರು, ಬಡಾವಣೆಯ ಚರಂಡಿಯ ಬಗ್ಗೆ ತಿಂಗಳಿಗೊಂದು ಅರ್ಜಿ ಗುಜರಾಯಿಸುವವರು, ಮಗಳ ಹೊಸ ಫ್ಲಾಟಿನ ಗೋಡೆಯನ್ನು ಬೆರಳಿನಲ್ಲಿ ತಟ್ಟಿ ಗೃಹಪ್ರವೇಶದ ದಿನವೇ ಮುಖ ಕಿವುಚುವವರು. ಈಚೆಗೆ ಇವರ ಸಾಲಿಗೆ ಇನ್ನೊಂದು ತಳಿ ಸೇರಿದೆ. ಹಿತ್ತಲಲ್ಲಿ ಮೀನು ಸಾಕಿ, ಆ ಮೀನಿನ ನೀರಿನಲ್ಲೇ ಸೊಪ್ಪು ತರಕಾರಿ ಬೆಳೆಯುವವರು. ಈ ವಿದ್ಯೆಗೆ ಅಕ್ವಾಪೋನಿಕ್ಸ್ ಎಂದು ಹೆಸರು. ಇವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಪ್ಯಾಂಟು ಮೊಣಕಾಲಿನವರೆಗೆ ಮಡಚಿರುತ್ತದೆ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಫ್ಲಾನ್ ಟೇಪ್ ಇರುತ್ತದೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತರೋ, ಪಾಯಸ ಬರುವುದಕ್ಕೆ ಮುಂಚೆ ಅಮೋನಿಯಾದ ಮಾತು ಬಂದಿರುತ್ತದೆ.

ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಬೀದಿಗೆ ಇಂಥವರೊಬ್ಬರು ದಕ್ಕಿದ್ದಾರೆ. ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್‌ಗೆ ಮಾತ್ರ ಗೊತ್ತು, ಉಳಿದವರಿಗೆಲ್ಲ ಅವರು ಟ್ಯಾಂಕ್ ರಾಯರು. ಸರ್ವಿಸ್ ಪೂರ್ತಿ ನೀರಾವರಿ ಇಲಾಖೆಯಲ್ಲೇ ಕಳೆದವರು. ಟಿಎಂಸಿ, ಕ್ಯುಸೆಕ್ ಬಿಟ್ಟು ಬೇರೆ ಅಳತೆಯಲ್ಲಿ ನೀರನ್ನು ಕಂಡವರಲ್ಲ. ನಿವೃತ್ತಿಯ ಹಾರ ಬಾಡುವಷ್ಟರಲ್ಲಿ ಅವರ ಅಧಿಕಾರಕ್ಕೆ ಉಳಿದದ್ದು ಮನೆಯ ಸಂಪು, ಮೇಲಿನ ಒಂದು ಸಿಂಟೆಕ್ಸು. ಅದರಲ್ಲೂ ಮೋಟರ್ ಸ್ವಿಚ್ ಇದ್ದದ್ದು ಯಜಮಾನ್ತಿಯ ಕೈಯಲ್ಲಿ.

ಆಗ ಮಗ ಮೆಲ್ಬರ್ನ್‌ಗೆ ಕರೆಸಿಕೊಂಡ. ಆಸ್ಟ್ರೇಲಿಯಾದಲ್ಲಿ ಈ ಹಿತ್ತಲ ಮೀನುಗಾರಿಕೆಯ ಹುಚ್ಚು ಹಳೆಯದು. ಮಗನ ಪಕ್ಕದ ಮನೆಯಲ್ಲಿ ಅಗಲ ಟೊಪ್ಪಿಯ ಗೃಹಸ್ಥನೊಬ್ಬ ಒಂದೇ ನೀರಿನಿಂದ ಮೀನನ್ನೂ ಲೆಟ್ಯೂಸನ್ನೂ ತೆಗೆಯುತ್ತಿದ್ದನಂತೆ. ಬೇಲಿಗೆ ಆತು ನಿಂತ ರಾಯರಿಗೆ ಬಂದದ್ದು ಮೊಮ್ಮಗುವನ್ನು ನೋಡಲು ಎಂಬುದೇ ಮರೆತುಹೋಯಿತು ಎನ್ನುವುದು ಮನೆಯವರ ದೂರು. ವಾಪಸಾಗುವಾಗ ಸೂಟ್‌ಕೇಸಿನಲ್ಲಿ ಚಾಕಲೇಟಿನ ಬದಲು ಪೈಪಿನ ಬಿಡಿಭಾಗಗಳು ಬಂದವು.

ಇದರ ತತ್ತ್ವ ಸರಳವಾದದ್ದೇ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ಅದು ನೀರಿನಲ್ಲಿ ಉಳಿದರೆ ಮೀನಿಗೇ ವಿಷ. ಜಲ್ಲಿಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಒಂದು ಪಂಗಡ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಪಂಗಡ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಹೀರಿಕೊಂಡು ಬಿಟ್ಟ ನೀರು ತಿರುಗಿ ಮೀನಿಗೆ. ರಾಯರು ಇದನ್ನು ವಿವರಿಸುವ ಧಾಟಿ ಬೇರೆ: "ಫೈಲು ಈ ಟೇಬಲ್ಲಿಂದ ಆ ಟೇಬಲ್ಲಿಗೆ ಹೋಗುತ್ತೆ ನೋಡಿ, ಹಾಗೆ. ಆದರೆ ಇಲ್ಲಿ ಯಾರೂ ಕೈ ಚಾಚೋದಿಲ್ಲ." ಮೀನಿಗೂ ಪೈರಿಗೂ ನಂಟು ಹಾಕುವ ಬುದ್ಧಿ ಹೊಸದೇನಲ್ಲ, ಅದನ್ನೂ ಹೇಳಬೇಕು. ನಮ್ಮ ಅಘನಾಶಿನಿ ಬಯಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವನ್ನೂ ಮೀನು ಸೀಗಡಿಯನ್ನೂ ಒಂದೇ ನೆಲದಲ್ಲಿ ತಲೆಮಾರುಗಳಿಂದ ತೆಗೆದಿದ್ದಾರೆ. ಅವರು ಯಾರೂ ಅದಕ್ಕೆ ಲಾಗ್‌ಬುಕ್ ಇಟ್ಟಿರಲಿಲ್ಲ, ಅಷ್ಟೆ.

ಮೊದಲನೇ ಹಂತಕ್ಕೆ "ಒಂದು ಡ್ರಮ್ಮು, ಎರಡು ಬಕೆಟ್ಟು" ಎಂದು ಮನೆಯಲ್ಲಿ ಮಂಜೂರಾತಿ ಪಡೆದಿದ್ದರು. ಬಂದದ್ದು ಕಬ್ಬಿಣದ ಪಂಜರದೊಳಗಿನ ಸಾವಿರ ಲೀಟರಿನ ಬಿಳಿ ಟ್ಯಾಂಕು, ಗೂಡ್ಸ್ ಆಟೋದಲ್ಲಿ. ಅದರ ಮೇಲ್ಭಾಗ ಕೊಯ್ದು ಬೋರಲು ಹಾಕಿದರೆ ಗಿಡದ ಪಾತಿ, ಕೆಳಗಿನದು ಮೀನಿನ ತೊಟ್ಟಿ. ಪಾತಿಗೆ ಒಂದಡಿ ಆಳ ಜಲ್ಲಿ ಬೇಕು. ಜಲ್ಲಿಯಲ್ಲಿ ಸುಣ್ಣದ ಅಂಶವಿದ್ದರೆ ನೀರಿನ ಪಿಎಚ್ ಏರುತ್ತದೆ, ಅದಕ್ಕೆ ವಿನೆಗರ್ ಹಾಕಿ ನೋಡಬೇಕು, ನೊರೆ ಬಂದರೆ ಆ ಕಲ್ಲು ಬೇಡ. ಗೋಬಿ ಮಂಚೂರಿಗೆಂದು ತಂದಿಟ್ಟಿದ್ದ ವಿನೆಗರ್ ಬಾಟಲಿ ಹೀಗೆ ಇಲಾಖೆಗೆ ಜಮೆಯಾಯಿತು. ಜಲ್ಲಿ ಪಾಸಾಯಿತು. ಅದನ್ನು ದೂಳು ಹೋಗುವಷ್ಟು ತೊಳೆಯುವುದಕ್ಕೆ ಬಟ್ಟೆ ಒಗೆಯುವ ಕಲ್ಲೇ ಸರಿಯಾದ ಜಾಗ ಎಂದು ರಾಯರಿಗೆ ತೋಚಿತು. ಅಂದಿನಿಂದ ಆ ಮನೆಯ ಪಂಚೆಗಳ ಬಣ್ಣ ತುಸು ಬೂದಿ.

ಆಮೇಲಿನ ಒಂದೂವರೆ ತಿಂಗಳು ಬೀದಿಗೆಲ್ಲ ಸೋಜಿಗ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡುವ ಹಾಗಿಲ್ಲ, ಆದರೆ ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಉಣಿಸುತ್ತಿರಬೇಕು. ರಾಯರು ದಿನವೂ ಖಾಲಿ ನೀರಿನ ಮುಂದೆ ನಿಂತು ಅಳೆದು ಅಳೆದು ಏನೋ ಹಾಕುವುದನ್ನು ಕಾಂಪೌಂಡಿನ ಮೇಲಿಂದ ಕಂಡ ಎದುರು ಮನೆಯವರು ನನ್ನ ಹತ್ತಿರ ಬಂದು, "ಮನೇಲಿ ಎಲ್ಲ ಸರಿ ಇದೆ ತಾನೇ?" ಎಂದು ದನಿ ತಗ್ಗಿಸಿ ವಿಚಾರಿಸಿದರು.

ಇಲ್ಲಿಯೇ ರಾಯರ ಹೆಂಡತಿ ಇಲಾಖೆಗೆ ಸೇರಿದ್ದು. ಅಮೋನಿಯಾ ಪರೀಕ್ಷೆ ಎಂದರೆ ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀರು, ಅದಕ್ಕೆ ಎರಡು ಬಾಟಲಿಯ ಹನಿಗಳು, ಐದು ನಿಮಿಷ ಬಿಟ್ಟು ಬಣ್ಣವನ್ನು ಕಾರ್ಡಿನ ಜೊತೆ ಹೊಂದಿಸಿ ನೋಡುವುದು. ಹಳದಿಯಾದರೆ ಸುರಕ್ಷಿತ, ಹಸಿರು ಗಾಢವಾದಷ್ಟೂ ಅಪಾಯ. ರಾಯರ ಕಣ್ಣಿಗೆ ಹಸಿರೆಲ್ಲ ಒಂದೇ. ಅವರು ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಕನ್ನಡಕ ಮೇಲೆ ಕೆಳಗೆ ಮಾಡುತ್ತಿದ್ದಾಗ ಆಕೆ ಬಾಗಿಲಲ್ಲೇ ನಿಂತು, "ಅದು ಎಲೆ ಹಸಿರಲ್ಲ ರೀ, ಗಿಣಿ ಹಸಿರು. ಬಿಸಿಲಿಗೆ ತನ್ನಿ" ಎಂದರು. ನಲವತ್ತು ವರ್ಷ ರೇಷ್ಮೆ ಸೀರೆ ಅಂಗಡಿಯಲ್ಲಿ ಅಂಚಿಗೂ ಮೈಗೂ ಬಣ್ಣ ತಾಳೆ ಹಾಕಿದ ಕಣ್ಣು. ಅವತ್ತಿನಿಂದ ಪ್ರಯೋಗಾಲಯ ಅವರ ಸುಪರ್ದಿಗೆ ಹೋಯಿತು. ಲಾಗ್‌ಬುಕ್ಕಿನ ಅಮೋನಿಯಾ ಕಾಲಂನಲ್ಲಿ ಈಗಲೂ "ನಿಂಬೆ ಹಳದಿ", "ಮಾವಿನಕಾಯಿ" ಎಂಬ ನಮೂದುಗಳಿವೆ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ನಂಬಬಹುದಾದ ದಾಖಲೆ ಅದೊಂದೇ.

ಮನೆಯಲ್ಲಿ ವಿರೋಧ ಪಕ್ಷವೆಂದರೆ ರಾಯರ ತಾಯಿ. ತೊಂಬತ್ತರ ಹತ್ತಿರದ ಮಡಿ ಹೆಂಗಸು.

"ಮೀನಿನ ನೀರು ಕುಡಿದ ಸೊಪ್ಪು ನೈವೇದ್ಯಕ್ಕೆ ಆಗುತ್ತೇನೋ?"

"ಅಮ್ಮಾ, ಕಾವೇರೀಲಿ ಮೀನಿಲ್ವೇ? ಅದೇ ನೀರಲ್ಲಿ ತಾನೇ ನೀನು ಅಭಿಷೇಕ ಮಾಡೋದು?"

ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, "ಕಾವೇರಿ ಹರೀತಾಳೆ ಕಣೋ. ನಿನ್ನದು ಸುತ್ತುತ್ತೆ" ಎಂದರು. ಮರುಬಳಕೆಯ ನೀರಾವರಿಯ ಬಗ್ಗೆ ಇಷ್ಟು ಚೊಕ್ಕ ಆಕ್ಷೇಪವನ್ನು ಯಾವ ತಾಂತ್ರಿಕ ಸಮಿತಿಯೂ ಎತ್ತಿರಲಾರದು. ಆ ಅಜ್ಜಿಯ ಪಾಲಿನ ಸಾರಿಗೆ ಸೊಪ್ಪು ಇವತ್ತಿಗೂ ಹೊರಗಿನಿಂದಲೇ ಬರುತ್ತದೆ.

ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರದಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರೋಹು ಮರಿಗಳು ಬಂದವು. ತೊಟ್ಟಿಯ ಪಕ್ಕ ಗೋಡೆಗೆ ಸ್ಲೇಟು ಬಂತು. ಮೈಸೂರಿನವರು ಮಳೆಗಾಲದಲ್ಲಿ ಬೆಳಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟವನ್ನಲ್ಲವೇ? ಅದೇ ಮಾದರಿ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್ಸಿನ ಗರಿಷ್ಠ ಮಟ್ಟ 124.80 ಅಡಿ, ರಾಯರದ್ದು ಎರಡು ಅಡಿ ಚಿಲ್ಲರೆ. ತೊಟ್ಟಿ ಮೊದಲ ಸಲ ತುಂಬಿದ ದಿನ ಅವರು ಹೆಂಡತಿಯ ಕೈಲಿ ಬಾಗಿನ ಬಿಡಿಸಿದರೆಂದು ಬೀದಿಯಲ್ಲಿ ಸುದ್ದಿ. ನಾನು ಕಂಡಿಲ್ಲ, ನಂಬುತ್ತೇನೆ.

ಆದರೆ ಅವರ ನಿಜವಾದ ಹೆಮ್ಮೆ ಸೈಫನ್ನು. ಪಾತಿಯಲ್ಲಿ ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಬೋರಲು ಮುಚ್ಚಿದ ಪೈಪಿನೊಳಗೆ ಎಳೆತ ಹುಟ್ಟಿ, ಅಷ್ಟೂ ನೀರು ಗಳಗಳನೆ ತೊಟ್ಟಿಗೆ ಇಳಿದು, ತಳ ಕಂಡಾಗ ಗಾಳಿ ಎಳೆದುಕೊಂಡು ತಾನಾಗಿ ನಿಲ್ಲುತ್ತದೆ. ಕರೆಂಟು ಬೇಡ, ಕೈ ಬೇಡ. ನೀರು ಇಳಿದಾಗ ಬೇರಿಗೆ ಗಾಳಿ, ಏರಿದಾಗ ಊಟ. "ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮ್ ನೋಡಿದೀರಾ? ಶಿಂಷಾ ತುಂಬಿದರೆ ಸೈಫನ್ನು ತಾನೇ ಹೊರಗೆ ಹಾಕುತ್ತೆ, ಯಾರೂ ಗೇಟು ಎತ್ತಬೇಕಾಗಿಲ್ಲ. ಇದು ಅದರ ಮರಿ" ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ತೋರಿಸುವಾಗ ಅದು ಕೈಕೊಡುತ್ತದೆ. ನೆಂಟರು ಕಾಫಿ ಕುಡಿದು ಗೇಟು ದಾಟಿದ ಮೇಲೆ ಗಳಗಳ ಸದ್ದು ಕೇಳುತ್ತದೆ. ರಾಯರು ಬೀದಿಗೆ ಓಡಿ ಅವರನ್ನು ವಾಪಸು ಕರೆತಂದದ್ದೂ ಉಂಟು.

ಇಲ್ಲಿಗೆ ನಿಂತಿದ್ದರೆ ಅವರು ಹವ್ಯಾಸಿ ಅನ್ನಿಸಿಕೊಳ್ಳುತ್ತಿದ್ದರು. ಈ ತಳಿಯ ಲಕ್ಷಣವೇ ನಿಲ್ಲದಿರುವುದು. ಸ್ನೇಹಿತರೊಬ್ಬರು ಜಿಲೇಬಿ ಮೀನು ತಂದುಕೊಟ್ಟರು. ತಿನ್ನುವ ಜಿಲೇಬಿಯಲ್ಲ, ತಿಲಾಪಿಯಾ. 1952ರಲ್ಲಿ ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂತು. ಅಂದಿನಿಂದ ನಮ್ಮ ಕೆರೆಗಳಲ್ಲಿ ಅದನ್ನು ಯಾರಿಗೂ ತಡೆಯಲಾಗಿಲ್ಲ, ರಾಯರಿಂದ ಆಗುತ್ತದೆಯೇ? ಮೂರು ತಿಂಗಳಿಗೆಲ್ಲ ಪ್ರಾಯಕ್ಕೆ ಬರುತ್ತದೆ, ತಾಯಿ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಸಂತಾನ ಹೆಚ್ಚಿತು. ತಿನ್ನುವ ಬಾಯಿ ಹೆಚ್ಚಿ ಅಮೋನಿಯಾ ಗಿಣಿ ಹಸಿರಿಗೆ ಹೋಯಿತು. ಸರಿ, ಮೀನಿಗೆ ತಕ್ಕಷ್ಟು ಪಾತಿ ಇಲ್ಲವೆಂದು ಎರಡನೇ ಹಂತ: ಎರಡು ಹೊಸ ಪಾತಿ. ಹೊಸ ಪಾತಿಯಲ್ಲಿ ಪಾಲಕ್ ಬಿಳಿಚಿಕೊಂಡಿತು. ರಾಯರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯನ್ನು ಝೆರಾಕ್ಸ್ ಹಾಕಿಸಿ ಬೈಂಡ್ ಮಾಡಿಸಿಟ್ಟಿದ್ದಾರೆ. ಅದರ ಲೆಕ್ಕದಲ್ಲಿ ಸೊಪ್ಪಿನ ಪಾತಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೀಳಬೇಕು, ಟೊಮೆಟೊ ಬದನೆಯಂಥ ಕಾಯಿಗಾದರೆ 50ರಿಂದ 80. ಅಷ್ಟು ತಿನ್ನಲು ಇರುವ ಮೀನು ಸಾಲದು. ಆದ್ದರಿಂದ ಮೂರನೇ ಹಂತ: ಇನ್ನೊಂದು ತೊಟ್ಟಿ. ಮೀನು ಹೆಚ್ಚಾಯಿತೆಂದು ಪಾತಿ, ಪಾತಿ ಹೆಚ್ಚಾಯಿತೆಂದು ಮೀನು. ಒಂದು ಇನ್ನೊಂದಕ್ಕೆ ಶಿಫಾರಸು ಬರೆಯುತ್ತ ಹೋದವು. ಕರಿಬೇವು, ದಾಸವಾಳ, ಕೊನೆಗೆ ಬಟ್ಟೆ ಒಣಹಾಕುವ ತಂತಿ, ಎಲ್ಲವೂ ಮುಳುಗಡೆಯಾದವು. ಪುನರ್ವಸತಿ ಸಿಕ್ಕಿದ್ದು ತುಳಸಿಗೆ ಮಾತ್ರ, ಅಜ್ಜಿಯ ಹೋರಾಟದ ಫಲವಾಗಿ.

ಪ್ರತಿ ಹಂತಕ್ಕೂ ಅಂದಾಜು ಪಟ್ಟಿ, ಆರು ತಿಂಗಳಿಗೆ ಪರಿಷ್ಕೃತ ಅಂದಾಜು ಪಟ್ಟಿ. ಇಲಾಖೆಯಲ್ಲಿದ್ದಾಗ ಒಂದು ರೂಪಾಯಿ ಹೆಚ್ಚು ಬರೆದವರಲ್ಲ ಎಂದು ಅವರ ಸಹೋದ್ಯೋಗಿಗಳೇ ಹೇಳುತ್ತಾರೆ. ಆ ಕೊರತೆಯನ್ನು ಈಗ ಸ್ವಂತ ಪಿಂಚಣಿಯಲ್ಲಿ ತೀರಿಸಿಕೊಳ್ಳುತ್ತಿದ್ದಾರೆ.

ಪಾಲಕ್ ಬಿಳಿಚಿದ್ದಕ್ಕೆ ನಿಜವಾದ ಕಾರಣ ಬೇರೆಯೇ ಇತ್ತು. ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದ ಕಬ್ಬಿಣ ಇರುವುದಿಲ್ಲ, ಕೀಲೇಟ್ ರೂಪದ ಕಬ್ಬಿಣವನ್ನು ಪ್ರತ್ಯೇಕವಾಗಿ ಹಾಕಬೇಕು. ಗೊಬ್ಬರದಂಗಡಿಯ ಒಂದು ಪೊಟ್ಟಣದಲ್ಲಿ ಮುಗಿಯುವ ಮಾತು. ಅದು ಗೊತ್ತಾಗುವಷ್ಟರಲ್ಲಿ ಮೂರನೇ ಹಂತದ ತೊಟ್ಟಿ ಗೇಟಿನೊಳಗೆ ಇಳಿದಾಗಿತ್ತು.

ಕರೆಂಟು ಹೋದರೆ ಆ ಮನೆಯ ಆದ್ಯತೆಗಳು ಬೆಳಕಿಗೆ ಬರುತ್ತವೆ. ಮೀನಿಗೆ ಲೀಟರ್ ನೀರಿನಲ್ಲಿ ಐದು ಮಿಲಿಗ್ರಾಮಾದರೂ ಕರಗಿದ ಆಮ್ಲಜನಕ ಬೇಕು, ನೀರು ಬಿಸಿಯಾದಷ್ಟೂ ಅದು ಕಡಿಮೆ. ಹಾಗಾಗಿ ಏಪ್ರಿಲ್ ರಾತ್ರಿ ಇನ್ವರ್ಟರಿನ ಮೊದಲ ಹಕ್ಕು ತೊಟ್ಟಿಯ ಏರ್ ಪಂಪಿಗೆ. ಒಳಗೆ ಮನುಷ್ಯರು ಬೀಸಣಿಗೆ ಹಿಡಿದಿರುತ್ತಾರೆ, ಹಿತ್ತಲಲ್ಲಿ ಜಿಲೇಬಿಗಳು ಗುಳುಗುಳು ಗಾಳಿಯಲ್ಲಿ ಸುಖವಾಗಿರುತ್ತವೆ. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಮಿಂಚುಳ್ಳಿಯೊಂದು ಹಿತ್ತಲ ಪತ್ತೆ ಹಚ್ಚಿದ್ದು, ಅದಕ್ಕಾಗಿ ಬಲೆ ಕಟ್ಟಿದ್ದು, ಆ ಬಲೆಯಲ್ಲಿ ರಾಯರೇ ಸಿಕ್ಕಿಕೊಂಡದ್ದು ಬೇರೆ ಪುರಾಣ.

ಇಷ್ಟೆಲ್ಲ ಗೇಲಿ ಮಾಡಿದ ಮೇಲೆ ನ್ಯಾಯದ ಮಾತನ್ನೂ ಆಡಬೇಕು. ಸೊಪ್ಪು ಚೆನ್ನಾಗಿ ಬರುತ್ತದೆ. ಪುದೀನ, ದಂಟು, ಪಾಲಕ್, ಬಸಳೆ ಬೀದಿಗೆಲ್ಲ ಹಂಚುವಷ್ಟು. ಅದೇ ನೀರು ಸುತ್ತುವುದರಿಂದ ಆವಿಯಾದಷ್ಟನ್ನು ತುಂಬಿದರೆ ಸಾಕು, ನಮ್ಮ ಕೈತೋಟಗಳಿಗೆ ಇದಕ್ಕಿಂತ ಹೆಚ್ಚು ನೀರು ಖರ್ಚಾಗುತ್ತದೆ. ಔಷಧಿ ಹೊಡೆಯುವಂತೆಯೇ ಇಲ್ಲ, ಹೊಡೆದರೆ ಮೀನು ಸಾಯುತ್ತದೆ. ಅವರು ಕೊಟ್ಟ ಕಂತೆಯಿಂದ ನಮ್ಮ ಮನೆಯಲ್ಲಿ ಮಾಡಿದ ಮಸ್ಸೊಪ್ಪು ಅಂಗಡಿಯ ಸೊಪ್ಪಿಗೆ ಬರುವುದಿಲ್ಲ. ತಳ್ಳುಗಾಡಿಯ ಸೊಪ್ಪಿನಮ್ಮ ಮಾತ್ರ ಆ ಮನೆ ಮುಂದೆ ನಿಂತು, "ಅಮ್ಮಾವ್ರೇ, ಯಜಮಾನ್ರು ಇನ್ನೂ ಬೆಳೀತಾವ್ರಾ?" ಎಂದು ಕೇಳಿ, ಅಜ್ಜಿಗೆಂದು ಒಂದು ಕಂತೆ ಕೊಟ್ಟು ಮುಂದೆ ಹೋಗುತ್ತಾಳೆ.

ನಾಲ್ಕನೇ ಹಂತ ತಾರಸಿಗೆಂದು ತೀರ್ಮಾನವಾಗಿತ್ತು. ಸಾವಿರ ಲೀಟರ್ ನೀರೆಂದರೆ ಒಂದು ಟನ್, ಜಲ್ಲಿಯ ಭಾರ ಅದರ ಮೇಲೆ. ಈ ಲೆಕ್ಕವನ್ನು ಇಂಜಿನಿಯರ್ ಗಂಡನಿಗೆ ಹೆಂಡತಿಯೇ ಕಾಗದದ ಮೇಲೆ ಬರೆದು ತೋರಿಸಿದರು. ಕಡತ ಸದ್ಯಕ್ಕೆ ಬಾಕಿ ಇದೆ.

ಉಳಿದಿರುವ ಸಮಸ್ಯೆ ಒಂದೇ. ರಾಯರ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಜಿಲೇಬಿಗಳು ಒಂದೊಂದೂ ಕಾಲು ಕೆಜಿ ಮೀರಿವೆ, ರೋಹುಗಳು ತೊಟ್ಟಿಯಿಂದ ಹೊರಗೆ ನೆಗೆಯುವಷ್ಟು ಬಲಿತಿವೆ, ಮರಿಗಳ ಲೆಕ್ಕ ಇಟ್ಟವರಿಲ್ಲ. ಇವನ್ನು ತೆಗೆಯದಿದ್ದರೆ ತಾರಸಿಯ ಕಡತ ಮತ್ತೆ ಮೇಲೆ ಬರುವುದು ಖಂಡಿತ. ಆದ್ದರಿಂದ ಸರಸ್ವತೀಪುರಂ, ಕುವೆಂಪುನಗರ, ಜಯನಗರದ ಮೀನು ತಿನ್ನುವ ಮಹನೀಯರಲ್ಲಿ ಬೀದಿಯವರ ಪರವಾಗಿ ವಿನಂತಿ: ಭಾನುವಾರ ಬೆಳಗ್ಗೆ ಹತ್ತರೊಳಗೆ ಬನ್ನಿ, ಚೀಲ ನೀವೇ ತನ್ನಿ. ದುಡ್ಡು ಕೊಡಬೇಕಾಗಿಲ್ಲ, ಆದರೆ ಸೈಫನ್ನು ಬೀಳುವವರೆಗೂ ನಿಂತು ನೋಡಬೇಕು.