ಕತ್ತಲೆ ಹುಡುಕಿ ಹೊರಟ ಅಂಧೇರಿಯವರು

ಅಂಧೇರಿಯಲ್ಲಿ ಕತ್ತಲೆಯೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಹೆಸರು ಕೇಳಿದವರು ದೀಪವೇ ಕಾಣದ ಊರು ಅಂದುಕೊಳ್ಳಬೇಕು. ನಮ್ಮ ಮನೆಯಲ್ಲಾದರೋ ರಾತ್ರಿ ಎರಡು ಗಂಟೆಗೆ ಲೈಟು ಹಾಕದೆ ಪಂಚಾಂಗ ಓದಬಹುದು, ಎದುರಿನ ಜಾಹೀರಾತು ಫಲಕದ ಕೃಪೆಯಿಂದ. ಹಾಗಾಗಿ ಮೇ ತಿಂಗಳು ಬಂತೆಂದರೆ ನಾವು ನಾಲ್ಕು ಜನ ಸ್ಟೇಶನ್ ಪಕ್ಕದ ಉಡುಪಿ ಹೋಟೆಲಿನ ಮೂಲೆಯ ಮೇಜು ಹಿಡಿದು, ಖರ್ಚು ಮಾಡಿಕೊಂಡು ಕತ್ತಲೆ ನೋಡಿ ಬರುವ ಯೋಜನೆ ಹಾಕುತ್ತೇವೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ಕೇಟರಿಂಗಿನವರು, ಒಬ್ಬರು ಗಣಿತದ ಮೇಷ್ಟ್ರು. ನಾಲ್ಕನೆಯವನು ನಾನು, ಬಿಲ್ಲು ಕೊಡುವವನು.

ಗುರಿ ರಾಜಮಾಚಿ. ಲೋಣಾವಳಕ್ಕೂ ಕರ್ಜತ್‌ಗೂ ನಡುವೆ ಸಹ್ಯಾದ್ರಿಯ ಹೆಗಲ ಮೇಲೆ ಶ್ರೀವರ್ಧನ, ಮನರಂಜನ ಎಂಬ ಜೋಡಿ ಕೋಟೆಗಳಿವೆ. ಕೋಟೆಗೆ ಮನರಂಜನ ಎಂದು ಹೆಸರಿಟ್ಟವನು ಯಾರೋ, ಅವನಂತೂ ಬೆನ್ನಿಗೆ ಚೀಲ ಹೊತ್ತು ಹತ್ತಿದವನಲ್ಲ. ಬುಡದಲ್ಲಿ ಉಧೇವಾಡಿ ಎಂಬ ಪುಟ್ಟ ಹಳ್ಳಿ, ಹಳ್ಳಿಗೆ ಹತ್ತಿರವೇ ಒಂದು ಕೆರೆ, ದಂಡೆಯಲ್ಲಿ ಕಲ್ಲಿನ ಹಳೇ ಶಿವಾಲಯ. ಮಳೆಗಾಲದ ಬಾಯಲ್ಲಿ ಅಲ್ಲಿಯ ಮರಗಳಿಗೆ ಮಿಂಚುಹುಳ ಮುತ್ತುತ್ತವೆ. ಮರಾಠಿಯವರು ಇದನ್ನು ಕಾಜವಾ ಎನ್ನುತ್ತಾರೆ. ಶನಿವಾರ ಹತ್ತಿ, ರಾತ್ರಿ ಉಳಿದು, ಭಾನುವಾರ ಇಳಿಯುವುದು. ಹೇಳುವಾಗ ಇಷ್ಟೇ.

ಕಷ್ಟವೆಲ್ಲ ತಾರೀಕಿನದು. ಈ ಹುಳ ಬಾವಿಯೊಳಗಿನ ಕಪ್ಪೆಯಲ್ಲ, ಬಸ್ಸಿಗೆ ಕಾದು ನಿಲ್ಲುವ ಪ್ರಯಾಣಿಕನೂ ಅಲ್ಲ. ಮಳೆಗೆ ಮುಂಚಿನ ಒಂದೆರಡು ಹನಿ ಅದಕ್ಕೆ ಬೇಕು, ಮಳೆ ಮಾತ್ರ ಬೇಡ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅದರ ದರಬಾರು. ಜಡಿಮಳೆ ಹಿಡಿಯಿತೋ, ಮುಗಿಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬಯಿಗೆ ಬರುವುದು ಜೂನ್ 11ಕ್ಕೆ. ಇಲಾಖೆಯ ಈ ತಾರೀಕು ಮುಂಗಾರಿಗೆ ಗೊತ್ತಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಚಂದ್ರ ಇರಬಾರದು, ಆದ್ದರಿಂದ ಅಮಾವಾಸ್ಯೆಯ ಆಚೀಚೆ ಆಗಬೇಕು. ಶನಿವಾರ ಆಗಬೇಕು. ಆ ಶನಿವಾರ ಯಾರ ಸೋದರಳಿಯನ ಮದುವೆಯೂ ಇರಬಾರದು. ಮೇಷ್ಟ್ರು ಕನ್ನಡ ಕಾಲನಿರ್ಣಯದ ಹಾಳೆ ಮಗುಚಿ, ಎಲ್ಲ ಷರತ್ತಿಗೂ ಹೊಂದುವ ದಿನ ಒಂದೇ ಒಂದು ಎಂದು ಸಾಧಿಸಿದರು. ಅಂದು ಅವರಿಗೇ ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು.

ಮುಂದಿನದು ದಾರಿ. ಕರ್ಜತ್ ಕಡೆಯಿಂದ ಕೊಂಡಿವಡೆಗೆ ಹೋಗಿ, ಕೊಂಡಾಣೆಯ ಬೌದ್ಧ ಗುಹೆಗಳ ಮಗ್ಗುಲಲ್ಲಿ ಹತ್ತಬಹುದು. ದೂರ ಕಡಿಮೆ, ಏರು ನೆಟ್ಟಗೆ. ಲೋಣಾವಳದಿಂದಾದರೆ ಹೆಚ್ಚುಕಡಿಮೆ ಸಮತಟ್ಟು, ನಡೆಯಬೇಕಾದದ್ದು ಮಾತ್ರ ಹದಿನೈದು ಕಿಲೋಮೀಟರ್. ಮಂಡಿಗಳ ಮತ ಲೋಣಾವಳಕ್ಕೆ, ಅಭಿಮಾನದ ಮತ ಕರ್ಜತ್‌ಗೆ. ಕೇಟರಿಂಗಿನವರಿಗೆ ಮಾತ್ರ ಕರ್ಜತ್ತೇ ಆಗಬೇಕು: ಇಪ್ಪತ್ತರ ಹರೆಯದಲ್ಲಿ ಮಧ್ಯರಾತ್ರಿ ದಾಟಿ ಹೊರಡುವ ಕೊನೆಯ ಲೋಕಲ್ ಹಿಡಿದು, ಪ್ಲಾಟ್‌ಫಾರ್ಮಿನಲ್ಲಿ ಪೇಪರ್ ಹಾಸಿ ಮಲಗಿ, ನಸುಕಿನಲ್ಲೇ ಬೆಟ್ಟ ಹತ್ತಿದವರಂತೆ. ಈಗ ಅವರು ಅಂಧೇರಿ ಸ್ಟೇಶನ್ನಿನ ಸೇತುವೆ ಹತ್ತುವಾಗಲೇ ನಡುವೆ ನಿಂತು ಫೋನ್ ನೋಡುವ ನಟನೆ ಮಾಡುತ್ತಾರೆ. ಅದು ನಮಗೆಲ್ಲ ಗೊತ್ತು, ನಾವೂ ಪಕ್ಕದಲ್ಲಿ ಫೋನ್ ನೋಡುತ್ತಲೇ ನಿಂತಿರುತ್ತೇವೆ.

ಚೀಲದ ಸಂಗತಿ ಕೇಳಿ. ತಲೆಗೆ ಮೂರು ಲೀಟರ್ ನೀರು, ಟಾರ್ಚು, ಕಸದ ಕರಿ ಚೀಲದಲ್ಲಿ ಕಟ್ಟಿದ ಒಣಬಟ್ಟೆ, ಹಾಸಲು ಪ್ಲಾಸ್ಟಿಕ್ ಹಾಳೆ. ಇಲ್ಲಿಗೆ ಬುದ್ಧಿವಂತಿಕೆಯ ಪಟ್ಟಿ ಮುಗಿಯಿತು. ಬ್ಯಾಂಕಿನವರು ಘಟ್ಟದ ಕೆಳಗಿನವರು, ಕಾಡೆಂದರೆ ಇಂಬಳ ಎಂದೇ ಅವರ ನಂಬಿಕೆ. ಸುಣ್ಣ ಹೊಗೆಸೊಪ್ಪು ಕಟ್ಟಿಕೊಂಡರು. ಕೇಟರಿಂಗಿನವರು ನಲವತ್ತು ಪತ್ರೊಡೆ ಎಂದರು. ಉಧೇವಾಡಿಯ ಮನೆಗಳಲ್ಲಿ ಬಿಸಿ ಪಿಠಲೆ ಭಾಕ್ರಿ ಬಡಿಸುತ್ತಾರೆ ಮಾರಾಯರೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಯಲ್ಲಿ ನನ್ನ ಚೀಲ ನೋಡಿದ ಹೆಂಡತಿ, "ಕೆರೆ ನೋಡಲು ಅಷ್ಟು ದೂರ ಯಾಕೆ? ಇನ್ನು ಹತ್ತು ದಿನ ತಾಳಿ, ಅಂಧೇರಿ ಸಬ್‌ವೇಯಲ್ಲೇ ತುಂಬುತ್ತದೆ" ಎಂದಳು. ಮಿಂಚುಹುಳದ ವಿಷಯಕ್ಕೆ ಅವಳು ಇನ್ನೂ ಕಟುಕಿ: "ನಿಮ್ಮೂರಿನ ಅಡುಗೆಮನೆಯೊಳಗೇ ಬಂದು ಕೂರುತ್ತಿದ್ದವಲ್ಲ, ಆಗ ಪೊರಕೆಯಲ್ಲಿ ಗುಡಿಸಿದವರು ಯಾರು?"

ಗುಡಿಸಿದವನು ನಾನೇ.

ಅಂತೂ ಹೋದ ವರ್ಷ ಹೊರಟೆವು. ದಾದರಿನಲ್ಲಿ ಪಶ್ಚಿಮದ ಗಾಡಿ ಇಳಿದು ಸೆಂಟ್ರಲ್ ಕಡೆಗೆ ದಾಟುವಷ್ಟರಲ್ಲಿ ಅರ್ಧ ಟ್ರೆಕ್ಕಿಂಗ್ ಆಗಿತ್ತು. ಮತ ಗೆದ್ದದ್ದು ಲೋಣಾವಳ. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದು ಜೀಪಿನ ದಾರಿ ಕೆಸರಾಗಿತ್ತು. ಚಪ್ಪಲಿ ಶೂ ಯಾವುದೂ ಲೆಕ್ಕಕ್ಕಿಲ್ಲ, ಪ್ರತಿ ಹೆಜ್ಜೆಗೂ ಒಂದೊಂದು ಸೇರು ಮಣ್ಣು. ಇಂಬಳ ಒಂದೂ ಸಿಗಲಿಲ್ಲ. ಸುಣ್ಣ ಹೊಗೆಸೊಪ್ಪನ್ನು ಸಂಜೆ ಹಳ್ಳಿಯ ಅಜ್ಜನೊಬ್ಬ ಕೇಳಿ ತೆಗೆದುಕೊಂಡ. ಯೋಜನೆಯಲ್ಲಿ ಉಪಯೋಗಕ್ಕೆ ಬಂದ ವಸ್ತು ಅದೊಂದೇ.

ಕೆರೆ? ಕೆರೆ ಇತ್ತು. ಎಂಟು ತಿಂಗಳ ಬಿಸಿಲು ಕುಡಿದ ಮೇಲೆ ಉಳಿದಷ್ಟು ನೀರು, ಸುತ್ತ ಬಿರುಕುಬಿಟ್ಟ ಕೆಸರಿನ ಬಳೆ. ಫೋಟೋಗಳಲ್ಲಿ ಕಾಣುವ ತುಂಬು ಕೆರೆ ಆಗಸ್ಟಿನದು, ಆಗ ಹುಳ ಇರುವುದಿಲ್ಲ. ಎರಡೂ ಬೇಕೆನ್ನುವವರು ಎರಡು ಸಲ ಹತ್ತಬೇಕು. ಮೇಷ್ಟ್ರ ಸಮೀಕರಣದಲ್ಲಿ ಈ ಪದ ಬಿಟ್ಟುಹೋಗಿತ್ತು.

ಊಟವಾದ ಮೇಲೆ ಹಳ್ಳಿಯ ಹುಡುಗನೊಬ್ಬ ಕರೆದುಕೊಂಡು ಹೋದ. ಮೊದಲು ಏನೂ ಇಲ್ಲ. ಬ್ಯಾಂಕಿನವರು "ಇಷ್ಟಕ್ಕೆ ಬಂದೆವಾ?" ಎಂದು ಟಾರ್ಚು ಬೀಸಿದರು. ಹುಡುಗ ಸಿಡುಕಿದ: ಆರಿಸಿ. ಬೆಳಕು ಬಿದ್ದರೆ ಹುಳ ಗಲಿಬಿಲಿಗೊಳ್ಳುತ್ತದೆ. ಅದು ಮಿನುಗುವುದು ನಮ್ಮ ಮೊಬೈಲಿಗಲ್ಲ, ಹೆಣ್ಣಿಗೆ. ಆರಿಸಿದೆವು. ಕಣ್ಣು ಪಳಗಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ಒಂದು ಮರದ ತುದಿಯಲ್ಲಿ ನಾಲ್ಕು ಚುಕ್ಕೆ, ನಲವತ್ತು, ನೋಡುನೋಡುತ್ತ ಮರಕ್ಕೆ ಮರವೇ ಒಮ್ಮೆ ಹೊತ್ತಿಕೊಂಡು ಒಮ್ಮೆ ಆರಿತು. ಪಕ್ಕದ ಮರ ಉತ್ತರ ಕೊಟ್ಟಂತೆ ಹೊತ್ತಿಕೊಂಡಿತು. ಸದ್ದಿಲ್ಲ, ಬಿಸಿಯಿಲ್ಲ. ಬಾಯಿಗೆ ಬೀಗವೇ ಇಲ್ಲದ ನಾಲ್ಕು ಜನ ಅರ್ಧ ಗಂಟೆ ಮಾತಾಡಲಿಲ್ಲ. ಒಂದು ಹುಳ ಬಂದು ಕೇಟರಿಂಗಿನವರ ಅಂಗಿಯ ಕಾಲರಿನ ಮೇಲೆ ಕೂತಿತು. ಅವರು ಉಸಿರು ಬಿಗಿಹಿಡಿದು ನಿಂತದ್ದನ್ನು ನೋಡಿದರೆ, ಯಾರೋ ಅವರಿಗೆ ಪದವಿ ಕೊಡುತ್ತಿದ್ದಾರೆ ಅನ್ನಬೇಕು.

ಬೆಳಿಗ್ಗೆ ಪತ್ರೊಡೆ ಹಳಸಿತ್ತು. ಭಾನುವಾರದ ಮೆಗಾಬ್ಲಾಕಿನ ದೆಸೆಯಿಂದ ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಆ ಗುರುವಾರ ಮಳೆ ಹಿಡಿಯಿತು, ಸಬ್‌ವೇ ಮುಚ್ಚಿತು.

ಈ ವರ್ಷವೂ ಹೋಗುವುದಿದೆ. ತಾರೀಕು ಇನ್ನೂ ಗೊತ್ತಾಗಿಲ್ಲ, ಮೇಷ್ಟ್ರು ಲೆಕ್ಕ ಹಾಕುತ್ತಿದ್ದಾರೆ. ಬರುವವರು ಬನ್ನಿ, ಆದರೆ ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡು ಬನ್ನಿ. ಪತ್ರೊಡೆ ತರಬೇಡಿ.