ತಲೆ ಎಣಿಸದ ಊಟ

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ನಮ್ಮ ಭಾಲ್ಕಿ ಕಡೆಯವರಿಗೆ ದೂರದ ಗೆಳೆಯರ ನೆನಪಾಗುವುದಿಲ್ಲ. ದೂರದ ಗೆಳೆಯರಿಗೆ ನಮ್ಮ ನೆನಪಾಗುತ್ತದೆ. ವರ್ಷವಿಡೀ ನಮ್ಮ ಆರೋಗ್ಯ ಕೇಳದವರು ಫೋನ್ ಮಾಡಿ ನಮ್ಮ ತೊಗರಿಯ ಆರೋಗ್ಯ ವಿಚಾರಿಸುತ್ತಾರೆ. ತೊಗರಿ ಚೆನ್ನಾಗಿದೆ ಎಂದಿರೋ, ಕೆಟ್ಟಿರಿ. ಹಾಗಾದರೆ ನೋಡಲು ಬರುತ್ತೇವೆ ಎನ್ನುತ್ತಾರೆ. ಒಣಗಿದೆ ಎಂದರೂ ಪಾರಿಲ್ಲ. ಸಮಾಧಾನ ಹೇಳಲು ಬರುತ್ತಾರೆ. ಎರಡಕ್ಕೂ ಅವರು ಗೊತ್ತು ಮಾಡಿಕೊಳ್ಳುವ ದಿನ ಮಾತ್ರ ಒಂದೇ.

ಹಳೇ ಮೈಸೂರಿನ ಕಡೆಯವರಿಗಾಗಿ ಎರಡು ಮಾತು. ಎಳ್ಳಮಾವಾಸ್ಯೆ ಎಂದರೆ ಬೀದರ, ಕಲಬುರಗಿ ಸೀಮೆಯ ವನಭೋಜನದ ಹಬ್ಬ. ಗಡಿಯಾಚೆ ಲಾತೂರ, ಧಾರಾಶಿವ ಜಿಲ್ಲೆಗಳಲ್ಲೂ ಅದೇ ದಿನ ಅದೇ ಹಬ್ಬ. ಅಲ್ಲಿ ಅದು ವೇಳ ಅಮಾವಾಸ್ಯೆ. ಆ ಹೊತ್ತಿಗೆ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ, ಕಡಲೆ ಗಿಡ ಮುಟ್ಟಿದರೆ ಬೆರಳಿಗೆ ಹುಳಿ ಅಂಟುತ್ತದೆ. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ, ಆಮೇಲೆ ಉಣ್ಣಲು ಕೂರುತ್ತೇವೆ. ಆ ದಿನ ಭಾಲ್ಕಿ, ಔರಾದಿನ ಪೇಟೆಯೂ ಬಣಬಣ. ಊರಲ್ಲಿ ನಾಯಿ ಮಾತ್ರ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. ಅದೂ ಟ್ರ್ಯಾಕ್ಟರಿನ ಹಿಂದೆ ಓಡಿ ಹೊಲ ಸೇರಿರುತ್ತದೆ.

ನನ್ನದು ಮೆಹಕರ. ಭಾಲ್ಕಿ ತಾಲ್ಲೂಕಿನ ಪಶ್ಚಿಮದ ಅಂಚಿನ ಊರು, ಮಹಾರಾಷ್ಟ್ರದ ಗಡಿ ಹತ್ತಿರ. ಖಾಸಗಿ ಶಾಲೆಯಲ್ಲಿ ಮಾಸ್ತರಿಕೆ, ಜೊತೆಗೆ ಅಪ್ಪ ಬಿಟ್ಟುಹೋದ ಮೂರೆಕರೆ. ಮಾಸ್ತರಿಕೆಯ ನಷ್ಟವನ್ನು ಹೊಲದಲ್ಲೂ ಹೊಲದ ನಷ್ಟವನ್ನು ಮಾಸ್ತರಿಕೆಯಲ್ಲೂ ತುಂಬಿಕೊಳ್ಳುತ್ತಾ ಬಂದವನು ನಾನು. 2024ರಲ್ಲಿ ಪಂಚಾಂಗವೂ ನನ್ನ ಮೇಲೆ ತಿರುಗಿ ಬಿತ್ತು. ಡಿಸೆಂಬರ್ 28 ನಾಲ್ಕನೇ ಶನಿವಾರ, ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ. 29 ರವಿವಾರ. 30ರ ಸೋಮವಾರ ಅಮಾವಾಸ್ಯೆ. ಮರುದಿನ ವರ್ಷದ ಕೊನೆಯ ದಿನ, ಅವತ್ತು ನೌಕರಿಯವರು ಕಚೇರಿಗೆ ಹೋದರೂ ಕೆಲಸ ಮಾಡುವುದಿಲ್ಲ. ಪುಣೆ, ಹೈದರಾಬಾದಿನಲ್ಲಿ ನೌಕರಿ ಹಿಡಿದ ನಮ್ಮ ಹುಡುಗರು ಒಂದು ರಜಾ ಚೀಟಿ ಬರೆದು ನಾಲ್ಕು ದಿನ ಸಂಪಾದಿಸಿದರು. ಆ ನಾಲ್ಕು ದಿನ ಖರ್ಚಾಗಬೇಕಾದ ಜಾಗ ನಮ್ಮ ಮನೆ.

ಮೊದಲೆಲ್ಲ ನೆಂಟರಿಗೆ ಬಸ್ಸಿನ ಚಾರ್ಜು ಅಡ್ಡ ಬರುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಬಸವಕಲ್ಯಾಣ, ಹುಮನಾಬಾದ, ಕಲಬುರಗಿಗಳಲ್ಲಿರುವ ನನ್ನ ಅತ್ತೆಯರು, ಚಿಕ್ಕಮ್ಮಂದಿರು, ಅವರ ಹೆಣ್ಣುಮಕ್ಕಳು ಎಲ್ಲರೂ ಆಧಾರ್ ಕಾರ್ಡು ಹಿಡಿದು ಹೊರಡುವಂತಾದರು. ಸರ್ಕಾರ ಅವರನ್ನು ಬಿಟ್ಟಿಯಾಗಿ ನನ್ನ ಮನೆ ಬಾಗಿಲವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದಿನ ಯೋಜನೆಗೆ ಅನುದಾನ ನನ್ನದು. ಗಡಿಯಾಚೆಯೂ ಅದೇ ವರ್ಷದ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೀಟು. ಹೀಗಾಗಿ ನಿಲಂಗಾದ ಬೀಗರು ತಮ್ಮ ಹೊಲದಲ್ಲಿ ಹಬ್ಬ ಮುಗಿಸಿ, ಮರುದಿನ ನಮ್ಮಲ್ಲಿ ಉಳಿದ ಭಜ್ಜಿಯ ಜೊತೆ ತಮ್ಮದನ್ನು ತಾಳೆ ನೋಡಲು ಬರುತ್ತಾರೆ. ಎರಡು ರಾಜ್ಯದ ಸಾರಿಗೆ ನೀತಿಗಳು ನಮ್ಮ ಅಡುಗೆಮನೆಯಲ್ಲಿ ಬಂದು ಕೂಡುತ್ತವೆ.

ಬಜೆಟ್ ಮಂಡನೆ ಗುರುವಾರ ರಾತ್ರಿ ನಡೆಯಿತು. ಹಣಕಾಸು ಖಾತೆ ನಮ್ಮ ಅವ್ವನದು. ಅವಳಿಗೆ ಓದು ಬರಹ ಬರುವುದಿಲ್ಲ; ಹಾಗಾಗಿ ಅವಳ ಲೆಕ್ಕದಲ್ಲಿ ತಪ್ಪು ತೋರಿಸಲು ಯಾರಿಗೂ ಬರುವುದಿಲ್ಲ. ಆದಾಯದ ಪುಟದಲ್ಲಿ ಇದ್ದದ್ದು ಎರಡೇ: ನನ್ನ ಹೆಂಡತಿಗೆ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ, ಸೋಯಾ ಮಾರಿ ಸಾಲ ತೀರಿಸಿ ಉಳಿದ ಚಿಲ್ಲರೆ. ಆ ವರ್ಷ ಸೋಯಾಕ್ಕೆ ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆ ಎಂದು ಕೇಂದ್ರ ಸಾರಿತ್ತು. ನನ್ನ ಚೀಲಗಳು ಬಜಾರಕ್ಕೆ ಹೋದಾಗ ಆ ಅಂಕಿ ಪೇಪರಿನಲ್ಲಿತ್ತು, ಬಜಾರದಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲಿ ಎಣ್ಣೆಕಾಳು ಬೆಳೆಗಾರನಿಗೆ ಅನುಕೂಲವಾಗಲೆಂದು ಖಾದ್ಯ ತೈಲದ ಆಮದು ಸುಂಕ ಏರಿಸಿದರು. ಸೋಯಾ ಮಾರುವಾಗ ನನಗೆ ಆ ಏರಿಕೆ ಕಾಣಲಿಲ್ಲ. ಎಣ್ಣೆ ಡಬ್ಬಿ ಕೊಳ್ಳುವಾಗ ಸ್ಪಷ್ಟವಾಗಿ ಕಂಡಿತು. ಇದೆಲ್ಲದರ ಮೇಲೆ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿತ್ತು. ಬೆಳ್ಳುಳ್ಳಿ ಇಲ್ಲದೆ ಅಂಬಲಿ ಇಲ್ಲ, ಭಜ್ಜಿಯಂತೂ ಇಲ್ಲವೇ ಇಲ್ಲ.

ಅಷ್ಟರಲ್ಲಿ ಪುಣೆಯಿಂದ ಅಣ್ಣನ ಮಗನ ಫೋನು ಬಂತು. “ಕಾಕಾ, ಈ ಸಲ ನನ್ನ ದೋಸ್ತರು ಭೀ ಬರ್ಲತ್ತಾರ. ಹೊಲದಾಗ ಬಾರ್ಬೆಕ್ಯೂ ಮಾಡಮ್ರಿ. ಒಬ್ಬೊಬ್ಬರಿಗಿ ಎಷ್ಟ್ ಬೀಳ್ತದ ಹಿಸಾಬು ಹಾಕಿ ಕಳಿಸ್ತೀನಿ” ಎಂದ. ಕಳಿಸಿದ. ಇದ್ದಿಲು, ಕಬ್ಬಿಣದ ಜಾಳಿಗೆ, ಪನೀರು, ಅಣಬೆ, ಮೆಯೊನೀಸ್, ಕಾಗದದ ತಟ್ಟೆ, ಕೋಲ್ಡ್ ಡ್ರಿಂಕು, ಇಪ್ಪತ್ತು ಲೀಟರಿನ ನೀರಿನ ಜಾರು, ಬಾಡಿಗೆ ಕುರ್ಚಿ, ಶಾಮಿಯಾನ. ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲು. ಅದೇ ಎಲ್ಲಕ್ಕಿಂತ ದೊಡ್ಡ ಮೊತ್ತ. ತಲೆಗಿಷ್ಟು ಎಂದು ಭಾಗಿಸಿ ಬಂದ ಅಂಕಿಯನ್ನು ನಾನು ಅವ್ವನಿಗೆ ಓದಿ ಹೇಳಿದೆ.

ಅವ್ವ ಅಂಕಿಯ ಬಗ್ಗೆ ಏನೂ ಅನ್ನಲಿಲ್ಲ. “ಹೊಲದಾಗ ಉಣ್ಣೋರ ತಲಿ ಎಣಿಸಬಾರ್ದಪಾ. ಎಣಿಸಿದ್ರ ರಾಶಿ ಕಮ್ಮಿ ಬರ್ತದ” ಎಂದಳು. ಅರ್ಥಶಾಸ್ತ್ರದ ಪದವಿ ಪಡೆದ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ತಲೆ ಎಣಿಸದಿದ್ದರೆ ತಲೆಗಿಷ್ಟು ಎಂಬ ಲೆಕ್ಕವೇ ಹುಟ್ಟುವುದಿಲ್ಲ, ಲೆಕ್ಕ ಹುಟ್ಟದಿದ್ದರೆ ಬಜೆಟ್ ಮೀರುವುದಾದರೂ ಹೇಗೆ? ಆಮೇಲೆ ಒಂದೊಂದೇ ಬಾಬ್ತು ಕತ್ತರಿಸಿದಳು. “ಬಾವಿ ಇರೋ ಹೊಲಕ್ಕ ನೀರಿನ ಡಬ್ಬಿ ಯಾಕ? ನೆಲ ಇರೋ ಕಡಿ ಕುರ್ಚಿ ಯಾಕ? ಬೇನಗಿಡ ಇರೋ ಕಡಿ ಮಂಟಪ ಯಾಕ?” ಕಾಗದದ ತಟ್ಟೆಯ ಜಾಗಕ್ಕೆ ಮುತ್ತಲ ಎಲೆಯ ಪತ್ರಾವಳಿ ಬಂತು. ಥರ್ಮಾಕೋಲಿನ ತಟ್ಟೆಯನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆಂದು ನಾನು ಸೇರಿಸಿದೆ. ಸರ್ಕಾರ ತನ್ನ ಮಾತು ಕೇಳಿತೆಂದು ಅವ್ವನಿಗೆ ಸಂತೋಷವಾಯಿತು. ಉಳಿದದ್ದು ಇದ್ದಿಲು, ಜಾಳಿಗೆ. “ಬರ್ಲಿ, ಬದನಿಕಾಯಿ ಸುಡಲಾಕ ಬರ್ತದ.”

ಇನ್ನು ಊಟದ ವಿಚಾರ. ಭಜ್ಜಿ ಎಂದ ಕೂಡಲೇ ಎಣ್ಣೆಯಲ್ಲಿ ಕರಿದದ್ದು ಕಣ್ಣಮುಂದೆ ತಂದುಕೊಳ್ಳಬೇಡಿ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯೆ, ಪಾಲಕ, ಉಳ್ಳಾಗಡ್ಡಿಯ ಎಲೆ, ಗಜ್ಜರಿ, ಬದನೆ, ಸಿಕ್ಕರೆ ನಾಲ್ಕು ಬಾರಿಹಣ್ಣು, ಒಂದು ಪೇರಲ, ಎಲ್ಲವನ್ನೂ ಹುಣಸೆ ಹುಳಿಯಲ್ಲಿ ಕುದಿಸಿ, ಕಡ್ಲಿಹಿಟ್ಟು ಕಲಸಿ ಹೊಯ್ದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು ನಮ್ಮ ಭಜ್ಜಿ. ಇಂಥದ್ದು ಹಾಕಬಾರದು ಎಂಬ ನಿಯಮವೇ ಅದಕ್ಕಿಲ್ಲ. ಯಾರ ಹೊಲದಲ್ಲಿ ಏನಿದೆಯೋ ಅದು. ಬಡತನ ಹೆಚ್ಚಾದಷ್ಟೂ ಸೊಪ್ಪಿನ ಜಾತಿ ಹೆಚ್ಚುತ್ತದೆ, ಸೊಪ್ಪು ಹೆಚ್ಚಾದಷ್ಟೂ ರುಚಿ ಏರುತ್ತದೆ. ಜನ ಹೆಚ್ಚಾದರೆ ಒಂದು ತಂಬಿಗೆ ನೀರು, ಒಂದು ಹಿಡಿ ಕಡ್ಲಿಹಿಟ್ಟು. ತೆಳ್ಳಗಾಯಿತೆಂದು ಯಾರೂ ದೂರುವುದಿಲ್ಲ, ಸಜ್ಜೆ ರೊಟ್ಟಿ ಅದನ್ನು ಹೀರಿಕೊಂಡು ಸುಮ್ಮನಿರುತ್ತದೆ. ಪನೀರಿನ ತುಂಡಿಗೆ ಈ ಉಪಾಯ ನಡೆಯುವುದಿಲ್ಲ. ಹತ್ತು ತುಂಡಿದ್ದರೆ ಹನ್ನೊಂದನೆಯವನು ಶತ್ರು.

ಅಂಬಲಿಯೂ ಇದೇ ಗುಣದ್ದು. ಜೋಳದ ಹಿಟ್ಟನ್ನು ಹುಳಿ ಬರಿಸಿ ಕುದಿಸಿ, ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ ಬೆರೆಸಿ ಹೊಸ ಮಣ್ಣಿನ ಗಡಿಗೆಗೆ ತುಂಬಿಸಿ ತಲೆಯ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತಾರೆ. ಮಜ್ಜಿಗೆ ಸೇರಿಸಿದಷ್ಟೂ ಗಡಿಗೆಗೆ ತಳವಿಲ್ಲ. ಜೊತೆಗೆ ಸಜ್ಜೆಯ ಉಂಡೆ, ಗೋಧಿ ಹುಗ್ಗಿ, ಎಳ್ಳು ಮತ್ತು ಶೇಂಗಾ ಹೋಳಿಗೆ. ದುಡ್ಡು ಬೇಡುವುದು ಬೆಲ್ಲ, ಎಳ್ಳು, ಎಣ್ಣೆ, ಆ ಹಾಳು ಬೆಳ್ಳುಳ್ಳಿ ಇಷ್ಟೇ. ಹೋಳಿಗೆ ಎಷ್ಟು ದೊಡ್ಡದಾಗಬೇಕೆಂಬುದನ್ನು ಮಾತ್ರ ಅವ್ವ ಬೆಲ್ಲದ ದರ ಕೇಳಿಯೇ ತೀರ್ಮಾನಿಸುತ್ತಾಳೆ.

ಪುಣೆಯ ಹುಡುಗರು ರವಿವಾರ ಬಂದಿಳಿದರು. ಅತಿಥಿಗಳೆಂದು ಬಂದವರನ್ನು ಸಂಜೆಯೊಳಗೆ ಅವ್ವ ಕೂಲಿಗೆ ಹಚ್ಚಿದಳು. ಇಬ್ಬರು ತೊಗರಿಕಾಯಿ ಸುಲಿದರು, ಒಬ್ಬ ಬೆಳ್ಳುಳ್ಳಿ ಬಿಡಿಸಿದ, ಒಬ್ಬ ಕೊಂಪೆಗೆ ದಂಟು ಹೊತ್ತ. ಕಂಪ್ಯೂಟರಿನ ಮುಂದೆ ಲಕ್ಷಗಟ್ಟಲೆ ಸಂಬಳ ಎಣಿಸುವ ಬೆರಳುಗಳು ತೊಗರಿಯ ಕಪ್ಪಿಗೆ ಬಣ್ಣಗೆಟ್ಟವು. “ಆಯಿ, ಇನ್ನಾ ಎಷ್ಟವ?” ಎಂದು ಮೊಮ್ಮಗ ಕೇಳಿದರೆ, “ಮುಗಿಯೋತನಕ” ಎಂದು ನಿಖರವಾದ ಉತ್ತರ. ಇವರಿಗೆ ತಿಂಗಳ ಸಂಬಳದ ಲೆಕ್ಕದಲ್ಲಿ ಕೂಲಿ ಕೊಡಬೇಕಾಗಿದ್ದರೆ ಒಂದು ಬಟ್ಟಲು ಭಜ್ಜಿ ಚಿನ್ನದ ದರಕ್ಕೆ ಹೋಗುತ್ತಿತ್ತು.

ಅಮಾವಾಸ್ಯೆಯ ದಿನ ಹೊಲಕ್ಕೆ ಎಂಥೆಂಥವರು ಬರುತ್ತಾರೆಂಬುದು ನೋಡುವಂಥದ್ದು. ಒಬ್ಬರು ಪೂಜೆಗೆ ಬಂದವರು, ಊಟವಾದ ಮೇಲೆ ಕಾಣುತ್ತಾರೆ. ಒಬ್ಬರು ಫೋಟೋಕ್ಕೆ ಬಂದವರು. ಜೋಳದ ತೆನೆಯ ಪಕ್ಕ ನಿಂತು ರೈತರಾಗಿ, ಸಂಜೆಯೊಳಗೆ ರಾಜೀನಾಮೆ ಕೊಡುತ್ತಾರೆ. ಪೇಟೆಯ ನೌಕರಿಯವರಲ್ಲಿ ಹೊಲವಿಲ್ಲದವರು ವಾರದ ಮೊದಲೇ “ನಿಮ್ಮ ಹೊಲ ಯಾವ ದಾರಿಗಿ ಬರ್ತದ್ರಿ?” ಎಂದು ಭೂಗೋಳ ಕೇಳಿಟ್ಟುಕೊಂಡಿರುತ್ತಾರೆ. ಎಲ್ಲರಿಗಿಂತ ಮುಖ್ಯನಾದವನು ಬದುವಿನ ಮೇಲೆ ಸುಮ್ಮನೆ ಹಾದುಹೋಗುವವನು. ಅವನನ್ನು ಕೂಗಿ ಕರೆದು ಉಣ್ಣಿಸದೆ ಕಳಿಸಿದರೆ ನಮ್ಮ ಕಡೆ ಹಬ್ಬ ಆದಂತಲ್ಲ. ಅವನೂ ಇದನ್ನು ಬಲ್ಲ. ಅದಕ್ಕೇ ಅಷ್ಟು ನಿಧಾನವಾಗಿ ಹಾದುಹೋಗುತ್ತಾನೆ.

ಇಷ್ಟು ಜನ ಉಂಡರೆ ನನ್ನ ಗಡಿಗೆ ಉಳಿಯುವುದು ಹೇಗೆ? ನನ್ನ ಅಣ್ಣನ ಮಗನಿಗೂ ಅದೇ ಚಿಂತೆ. ಮಧ್ಯಾಹ್ನ ಎರಡರ ಹೊತ್ತಿಗೆ ಅವನ ದೋಸ್ತರು ಒಬ್ಬರೂ ನಮ್ಮ ಹೊಲದಲ್ಲಿರಲಿಲ್ಲ. ಪಕ್ಕದ ಹೊಲದವರು ಕೈ ಹಿಡಿದು ಎಳೆದೊಯ್ದಿದ್ದರು. ಅವರ ಅಳಿಯಂದಿರು ನಮ್ಮ ಪತ್ರಾವಳಿಯ ಮುಂದೆ ಕೂತಿದ್ದರು. ಅವರಾಚೆಯ ಹೊಲದವರ ಮಕ್ಕಳು ಇವರಲ್ಲಿ, ಇವರ ಹೆಣ್ಣುಮಕ್ಕಳು ಅವರಲ್ಲಿ. ಹಿಂದೆ ಬ್ಯಾಂಕುಗಳು ದಿನವಿಡೀ ಒಬ್ಬರ ಚೆಕ್ಕು ಒಬ್ಬರು ತೆಗೆದುಕೊಂಡು ಸಂಜೆ ವ್ಯತ್ಯಾಸವನ್ನಷ್ಟೇ ಸಂದಾಯ ಮಾಡುತ್ತಿದ್ದ ಹಾಗೆ, ಇಡೀ ಶಿವಾರದ ಊಟ ಹೊಲದಿಂದ ಹೊಲಕ್ಕೆ ತಿರುಗಿ, ಹೊತ್ತು ಮುಳುಗುವಾಗ ಎಲ್ಲರ ಖಾತೆಯೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಉಳಿದರೆ ಅದನ್ನು ಮಾರನೆಯ ದಿನ ಬೀಗರು ಬಂದು ಚುಕ್ತಾ ಮಾಡುತ್ತಾರೆ. ಬೇರೆಯವರ ಹೊಲದಲ್ಲಿ ಐದಾರು ಕಡೆ ಉಂಡು ಬಂದ ಪುಣೆಯ ಹುಡುಗರು ರಾತ್ರಿ ತಾವೇ ತಂದಿದ್ದ ಮೆಯೊನೀಸಿನ ಶೀಶೆಯನ್ನು ಮುಟ್ಟದೆ ಮಲಗಿದರು. ಅದು ಈಗಲೂ ನಮ್ಮ ಮನೆಯಲ್ಲಿದೆ. ಅವ್ವ ಅದನ್ನು ಯಾವುದೋ ಮುಲಾಮು ಎಂದು ತಿಳಿದು ಔಷಧಿಯ ಗೂಡಿನಲ್ಲಿಟ್ಟಿದ್ದಾಳೆ.

ಜಾಳಿಗೆ ಮಾತ್ರ ಕೆಲಸಕ್ಕೆ ಬಂತು. ಇದ್ದಿಲಿನ ಮೇಲೆ ಬದನೆ ಸುಟ್ಟು, ಹಸಿ ಕಡಲೆ ಗಿಡವನ್ನು ಬೇರು ಸಮೇತ ಅದರ ಮೇಲಿಟ್ಟು ಸುಟ್ಟಾಗ, ಬಾರ್ಬೆಕ್ಯೂ ಆಯಿತೆಂದು ಅವನಿಗೂ ಸಮಾಧಾನ, ದುಡ್ಡು ಹೋಗಲಿಲ್ಲವೆಂದು ನನಗೂ ಸಮಾಧಾನ.

ಹಬ್ಬ ಮುಗಿದ ಮೇಲೆ ಲೆಕ್ಕ ಬರೆದೆ. ಹೊಲ ಕೊಟ್ಟದ್ದಕ್ಕೆ ಬೆಲೆ ಕಟ್ಟಲಿಲ್ಲ. ಕಟ್ಟಿದ್ದರೆ, ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ಬೆಂಬಲ ಬೆಲೆ ಇದ್ದ ವರ್ಷ ನಾವು ಎಷ್ಟು ಹಸಿಯಾಗಿಯೇ ತಿಂದು ಮುಗಿಸಿದೆವೆಂದು ತಿಳಿದು ನಿದ್ದೆ ಬರುತ್ತಿರಲಿಲ್ಲ. ಕೈಯಿಂದ ಹೋದ ದುಡ್ಡು ಗೃಹಲಕ್ಷ್ಮಿಯ ಕಂತನ್ನು ದಾಟಲಿಲ್ಲ. ಅದರಲ್ಲಿ ದೊಡ್ಡ ಪಾಲು ನುಂಗಿದ್ದು ಎಣ್ಣೆ, ಬೆಲ್ಲ, ಬೆಳ್ಳುಳ್ಳಿ ಮತ್ತು ಟ್ರ್ಯಾಕ್ಟರಿನ ಡೀಸೆಲ್.

ಕಂಡುಕೊಂಡ ಸತ್ಯ ಇಷ್ಟು: ವನಭೋಜನದಲ್ಲಿ ಮಂದಿಯ ಹಸಿವು ಯಾರನ್ನೂ ದಿವಾಳಿ ಎಬ್ಬಿಸುವುದಿಲ್ಲ, ದಿವಾಳಿ ಎಬ್ಬಿಸುವುದು ಮಂದಿಗೆ ತೋರಿಸಬೇಕೆನ್ನುವ ಕುರ್ಚಿ, ಶಾಮಿಯಾನ, ತಣ್ಣನೆಯ ಬಾಟಲಿ. ಈಚೆಗೆ ನಮ್ಮ ಕಡೆಯೂ ಕೆಲವರು ಹೊಲದ ಊಟಕ್ಕೆ ಕೇಟರಿಂಗಿನವರನ್ನು ಕರೆಸಲು ಹೊರಟಿದ್ದಾರೆ. ಅವರು ತಲೆ ಎಣಿಸಿಯೇ ದರ ಹೇಳುವವರು. ಹಾಗೆ ಎಣಿಸಿದ ಊಟದಲ್ಲಿ ಬದುವಿನ ಮೇಲೆ ನಿಧಾನವಾಗಿ ಹಾದುಹೋಗುವವನಿಗೆ ಎಲೆ ಇರುವುದಿಲ್ಲ.

ಆದ್ದರಿಂದ ಹೊಲ ಇದ್ದವರಲ್ಲಿ ನನ್ನ ವಿನಂತಿ: ಗಡಿಗೆ ದೊಡ್ಡದು ಕೊಳ್ಳಿ, ಕುರ್ಚಿ ಬೇಡ. ಹೊಲ ಇಲ್ಲದವರು ಸಂಕೋಚ ಬಿಟ್ಟು ಮೆಹಕರಕ್ಕೆ ಬನ್ನಿ. ಹೂವಿನ ಹಾರ, ಮಿಠಾಯಿ ಡಬ್ಬಿ ಏನೂ ತರಬೇಡಿ. ತರಲೇಬೇಕೆಂದಿದ್ದರೆ ಬೆಳ್ಳುಳ್ಳಿ ತನ್ನಿ.